ಚಿಗರಿಗಳ ಸಾವಿಗೆ ಸೂರ್ಯನನ್ನು ದೂರುವ ಮೊದಲು

2025ರ ನವೆಂಬರ್ 11ರಂದು ಸೂರ್ಯನ ಮೇಲೆ ದೊಡ್ಡದೊಂದು ಜ್ವಾಲೆ ಸಿಡಿಯಿತು. ವಿಜ್ಞಾನಿಗಳ ಲೆಕ್ಕದಲ್ಲಿ ಅದು ಎಕ್ಸ್ 5.1 ದರ್ಜೆಯದು. ಎಕ್ಸ್ ಅಂದರೆ ಎಲ್ಲಕ್ಕಿಂತ ಜೋರಿನ ದರ್ಜೆ. ಮರುದಿನ ಭೂಮಿಗೆ ತೀವ್ರವಾದ ಕಾಂತ ಬಿರುಗಾಳಿ ತಟ್ಟಿತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ರಾತ್ರಿಯ ಆಕಾಶ ಕೆಂಪಾಗಿ ಕಂಡಿತು. ಅದರ ಮರುದಿನ, ಅಂದರೆ ನವೆಂಬರ್ 13ರಂದು, ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೃಷ್ಣಮೃಗಗಳು ಸಾಯತೊಡಗಿದವು. ಕೆಲವೇ ದಿನಗಳಲ್ಲಿ ಅಲ್ಲಿದ್ದ 38ರಲ್ಲಿ 31 ಸತ್ತವು.

ಕೃಷ್ಣಮೃಗ ಅಂದರೆ ನಮ್ಮ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರಿಟ್ಟಿದ್ದೇವೆ. ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ 1974ರಿಂದ ಅಭಯಾರಣ್ಯ ಇದೆ. ಧಾರವಾಡದಿಂದ ಬೆಳಗಾವಿ ಹೆದ್ದಾರಿ ಹಿಡಿದರೆ ಭೂತರಾಮನಹಟ್ಟಿ ದೂರವೇನಲ್ಲ. ಹಾಗಾಗಿ ಆ ಸುದ್ದಿ ಈ ಭಾಗದಲ್ಲಿ ಬಹಳ ಜನರ ಮನಸ್ಸಿಗೆ ನಾಟಿತು.

ಈಗ ಆ ಮೂರು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 11, 12, 13. ಜ್ವಾಲೆ, ಬಿರುಗಾಳಿ, ಸಾವು. ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಹಕ್ಕಿಗಳು ಗುಂಪಾಗಿ ಬಿದ್ದಾಗ, ಮೀನು ತೇಲಿದಾಗ, ತಿಮಿಂಗಿಲಗಳು ದಡಕ್ಕೆ ಬಂದಾಗ ಜಗತ್ತಿನಾದ್ಯಂತ ಏಳುವ ಅನುಮಾನವೂ ಇದೇ. ಸೂರ್ಯ ಕೆರಳಿದ್ದಾನೆ, ಭೂಮಿಯ ಕಾಂತಶಕ್ತಿ ಹದಗೆಟ್ಟಿದೆ, ಪ್ರಾಣಿಗಳು ಸಾಯುತ್ತಿವೆ ಎನ್ನುವ ಮಾತು. ಇದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕುವಂತಿಲ್ಲ. ಅದರೊಳಗೆ ಅರ್ಧ ನಿಜ ಇದೆ. ಆದರೆ ಆ ಅರ್ಧ ನಿಜವೇ ನಮ್ಮ ಪ್ರಾಣಿಗಳಿಗೆ ಮುಳುವಾಗಬಹುದು. ಹೇಗೆ ಅಂತ ನೋಡೋಣ.

ಬಿರುಗಾಳಿ ಎಷ್ಟು ದೊಡ್ಡದು?

ಸೂರ್ಯನ ಅಬ್ಬರ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಈಗಿನದು ಲೆಕ್ಕದಲ್ಲಿ 25ನೇ ಆವರ್ತ. ಅದು 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಆಗ ಸೂರ್ಯ ತೀರಾ ತಣ್ಣಗಿದ್ದ. ಸೂರ್ಯ ಅಬ್ಬರದ ತುದಿ ಮುಟ್ಟಿದ್ದಾನೆ ಅಂತ ಅಮೆರಿಕದ ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಅದಕ್ಕೆ ಕೆಲವು ತಿಂಗಳ ಮೊದಲು, 2024ರ ಮೇ 10 ಮತ್ತು 11ರಂದು ಬಂದದ್ದು 2003ರ ನಂತರದ ಅತಿ ದೊಡ್ಡ ಕಾಂತ ಬಿರುಗಾಳಿ. ಲಡಾಖಿನ ಹಾನ್ಲೆ ವೀಕ್ಷಣಾಲಯದಲ್ಲೂ ಕೆಂಪು ಬೆಳಕು ಕ್ಯಾಮೆರಾಕ್ಕೆ ಸಿಕ್ಕಿತು. ನಮ್ಮ ಆದಿತ್ಯ-ಎಲ್1 ನೌಕೆ ಆಗ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನೇ ನೋಡುತ್ತಿತ್ತು.

ಸೂರ್ಯ ಉಗುಳಿದ ಕಾಂತಭರಿತ ಅನಿಲದ ಮೋಡ ಭೂಮಿಯನ್ನು ತಟ್ಟಿದಾಗ ಭೂಮಿಯ ಸುತ್ತಲಿನ ಕಾಂತಕ್ಷೇತ್ರ ಅಲುಗಾಡುತ್ತದೆ. ಇದೇ ಕಾಂತ ಬಿರುಗಾಳಿ. ವಿದ್ಯುತ್ ಜಾಲ, ಉಪಗ್ರಹ, ರೇಡಿಯೊ ಸಂಪರ್ಕಕ್ಕೆ ಇದರಿಂದ ನಿಜವಾಗಿಯೂ ಪೆಟ್ಟು ಬೀಳುತ್ತದೆ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ 60 ಲಕ್ಷ ಜನ ಸುಮಾರು 9 ತಾಸು ಕರೆಂಟಿಲ್ಲದೆ ಕೂತಿದ್ದು ಇಂಥದೇ ಬಿರುಗಾಳಿಯಿಂದ. 1859ರಲ್ಲಿ ಇನ್ನೂ ದೊಡ್ಡದು ಬಂದಿತ್ತು. ಆಗ ಮುಂಬೈಯ ಕೊಲಾಬಾ ವೀಕ್ಷಣಾಲಯದ ಉಪಕರಣಗಳು ಆ ಏರಿಳಿತವನ್ನು ದಾಖಲಿಸಿಕೊಂಡಿದ್ದವು. ಮುಂದೆ ಮುಂಬೈಗೆ ವಿದ್ಯುತ್ ಟ್ರಾಮ್ ಬರುತ್ತದೆ ಅಂತಾದಾಗ ಅದರ ಕರೆಂಟಿನಿಂದ ಅಳತೆ ಕೆಡಬಾರದೆಂದು ಆ ಕೆಲಸವನ್ನು 1904ರಲ್ಲಿ ಅಲಿಬಾಗಿಗೆ ಸಾಗಿಸಿದರು. ಇವತ್ತಿಗೂ ಅಲ್ಲಿ ಅಳತೆ ನಡೆಯುತ್ತಿದೆ.

ಆದರೆ ಒಂದು ಚಿಗರಿಯ ಮೈಗೆ ಇದು ಎಷ್ಟು ದೊಡ್ಡದು? ಕಾಂತದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ, ಅದರ 100 ಕೋಟಿಯಲ್ಲಿ ಒಂದು ಪಾಲು ನ್ಯಾನೊಟೆಸ್ಲಾ. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ 40 ಸಾವಿರ ನ್ಯಾನೊಟೆಸ್ಲಾಕ್ಕಿಂತ ತುಸು ಜಾಸ್ತಿ. 2024ರ ಮೇ ತಿಂಗಳ ಆ ಭಾರಿ ಬಿರುಗಾಳಿಯಲ್ಲಿ ಅದು ಸುಮಾರು 400 ನ್ಯಾನೊಟೆಸ್ಲಾದಷ್ಟು ತಗ್ಗಿತು. ಅಂದರೆ ನೂರಕ್ಕೆ ಒಂದು ಪಾಲು. ಹುಬ್ಬಳ್ಳಿಯ ಯಾವುದೋ ಸ್ಕ್ಯಾನಿಂಗ್ ಸೆಂಟರಿಗೆ ಹೋಗಿ ನೀವು ಎಂಆರ್‌ಐ ಮಾಡಿಸಿದ್ದರೆ, ಅಲ್ಲಿ ನಿಮ್ಮ ಮೈ ಅರ್ಧ ತಾಸು 1.5 ಟೆಸ್ಲಾದ ಕಾಂತದೊಳಗೆ ಮಲಗಿರುತ್ತದೆ. ಅದು ಭೂಮಿಯ ಕಾಂತಕ್ಷೇತ್ರದ 35 ಸಾವಿರ ಪಟ್ಟು. ಎದ್ದು ಮನೆಗೆ ಬರುತ್ತೀರಿ. ಕಾಂತ ತಾನಾಗಿ ರಕ್ತ ಕೆಡಿಸುವುದಿಲ್ಲ, ಗಂಟಲು ಬಾವು ಬರಿಸುವುದಿಲ್ಲ.

ಸೂರ್ಯನಿಂದ ಬರುವ ಕಣಗಳ ವಿಕಿರಣ? ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಸುಮಾರು 10 ಮೀಟರ್ ನೀರಿಗೆ ಸಮ. ಅಷ್ಟನ್ನು ದಾಟಿ ನೆಲಕ್ಕೆ ಬರುವ ಕಣಗಳು ತೀರಾ ಕಡಿಮೆ. ಅದರಲ್ಲೂ ದಕ್ಷಿಣ ಭಾರತ ಭೂಮಿಯ ಕಾಂತ ಸಮಭಾಜಕಕ್ಕೆ ಹತ್ತಿರ. ಹೊರಗಿನ ಕಣಗಳಿಗೆ ನುಗ್ಗಲು ಅತಿ ಕಷ್ಟವಾದ ಜಾಗಗಳಲ್ಲಿ ಇದೂ ಒಂದು.

ದಿನಾಂಕದ ಹೊಂದಾಣಿಕೆಯ ಮಾತಿಗೂ ಒಂದು ಲೆಕ್ಕ ಇದೆ. ಅಮೆರಿಕದ ಹವಾಮಾನ ಸಂಸ್ಥೆ ನೋವಾ ಕಾಂತ ಬಿರುಗಾಳಿಗಳನ್ನು 5 ದರ್ಜೆಗಳಲ್ಲಿ ವಿಂಗಡಿಸುತ್ತದೆ. ಅದರ ಪ್ರಕಾರ ಒಂದು ಆವರ್ತದಲ್ಲಿ, ಅಂದರೆ 11 ವರ್ಷದಲ್ಲಿ, ಮೊದಲ ದರ್ಜೆಯ ಬಿರುಗಾಳಿ ಇರುವ ದಿನಗಳು 900. ಎಲ್ಲ ದರ್ಜೆ ಸೇರಿಸಿದರೆ ಸುಮಾರು 1,450. 11 ವರ್ಷಕ್ಕೆ ಇರುವುದೇ 4 ಸಾವಿರ ಚಿಲ್ಲರೆ ದಿನ. ಮೂರು ದಿನಕ್ಕೆ ಒಂದು ಬಿರುಗಾಳಿ ದಿನ! ಸೂರ್ಯನ ಅಬ್ಬರ ಏರಿದ ವರ್ಷಗಳಲ್ಲಂತೂ ಇನ್ನೂ ಜಾಸ್ತಿ. ನವೆಂಬರ್ 12ರಂದು ಬಂದಂಥ ನಾಲ್ಕನೇ ದರ್ಜೆಯದು ಅಪರೂಪ, ನಿಜ. ಅಂಥ ದಿನಗಳು ಆವರ್ತಕ್ಕೆ ಸುಮಾರು 60. ಆದರೆ ನಮ್ಮಷ್ಟು ದೊಡ್ಡ ದೇಶದಲ್ಲಿ ಎಲ್ಲೋ ಒಂದು ಕಡೆ ಮೀನೋ ಹಕ್ಕಿಯೋ ದನವೋ ಗುಂಪಾಗಿ ಸಾಯದ ವಾರ ಯಾವುದಿದೆ? ಎರಡು ಪಟ್ಟಿಗಳೂ ಇಷ್ಟು ಉದ್ದ ಇದ್ದಾಗ ದಿನಾಂಕಗಳು ಎಲ್ಲೋ ಒಂದು ಕಡೆ ಕೂಡಿಯೇ ಕೂಡುತ್ತವೆ.

ಕಾಂತ ಗೊತ್ತಾಗುವ ಜೀವಿಗಳು

ಇನ್ನು ಆ ಅರ್ಧ ನಿಜಕ್ಕೆ ಬರೋಣ. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿ ಅನಿಸುವ ಭಾಗ ಇದೇ.

1960ರ ದಶಕದಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವೋಲ್ಫ್‌ಗಾಂಗ್ ವಿಲ್ಟ್‌ಷ್ಕೊ ಅನ್ನುವ ವಿಜ್ಞಾನಿ ರಾಬಿನ್ ಹಕ್ಕಿಗಳನ್ನು ಪಂಜರದಲ್ಲಿಟ್ಟು ಸುತ್ತ ತಂತಿಸುರುಳಿ ಜೋಡಿಸಿದರು. ವಲಸೆಯ ಕಾಲ ಬಂದಾಗ ಹಕ್ಕಿ ಪಂಜರದೊಳಗೂ ಹೊರಡಬೇಕಾದ ದಿಕ್ಕಿಗೇ ಹಾರಾಡುತ್ತದೆ. ಆಕಾಶ ಕಾಣದಿದ್ದರೂ ಅಷ್ಟೇ. ಸುರುಳಿಯಲ್ಲಿ ಕರೆಂಟು ಹರಿಸಿ ಕಾಂತದ ಉತ್ತರ ದಿಕ್ಕನ್ನು ತಿರುಗಿಸಿದರೆ ಹಕ್ಕಿಯೂ ತಿರುಗಿತು. ಹಕ್ಕಿಗೆ ಕಾಂತ ಗೊತ್ತಾಗುತ್ತದೆ! ಹೇಗೆ ಅನ್ನುವುದರ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಕಣ್ಣಿನೊಳಗಿನ ಕ್ರಿಪ್ಟೊಕ್ರೋಮ್ ಅನ್ನುವ ಪ್ರೋಟೀನ್ ಬೆಳಕು ಬಿದ್ದಾಗ ಕಾಂತಕ್ಕೆ ಸ್ಪಂದಿಸುತ್ತದೆ ಅನ್ನುವುದು ಈಗ ಹೆಚ್ಚು ಬಲವಾದ ವಾದ. ಕಡಲಾಮೆ, ಸಾಲ್ಮನ್ ಮೀನು, ಪಾರಿವಾಳ, ಕೆಲವು ಬ್ಯಾಕ್ಟೀರಿಯಾಗಳು ಕೂಡ ಕಾಂತ ಅರಿಯುತ್ತವೆ.

ಅಂದಮೇಲೆ ಸೂರ್ಯ ಆ ಕಾಂತವನ್ನು ಅಲುಗಾಡಿಸಿದಾಗ ಇವುಗಳಿಗೆ ಏನಾಗುತ್ತದೆ? ಇಲ್ಲೊಂದು ಸಣ್ಣ ಲೆಕ್ಕ ಮಾಡಿ. ಸಮಭಾಜಕದಿಂದ ಧ್ರುವಕ್ಕೆ ಹೋಗುತ್ತ ಕಾಂತಕ್ಷೇತ್ರ 30 ಸಾವಿರದಿಂದ 60 ಸಾವಿರ ನ್ಯಾನೊಟೆಸ್ಲಾದವರೆಗೆ ಏರುತ್ತದೆ. ದೂರ 10 ಸಾವಿರ ಕಿಲೋಮೀಟರ್. ಅಂದರೆ ಸರಾಸರಿ ಒಂದು ಕಿಲೋಮೀಟರಿಗೆ 3 ನ್ಯಾನೊಟೆಸ್ಲಾ. ಒಂದು ಹಕ್ಕಿ ಕ್ಷೇತ್ರದ ಬಲವನ್ನೇ ನಂಬಿ ತಾನೆಲ್ಲಿದ್ದೇನೆ ಅಂತ ಗುರುತಿಸುತ್ತಿದ್ದರೆ, 300 ನ್ಯಾನೊಟೆಸ್ಲಾ ಏರುಪೇರು ಅದಕ್ಕೆ 100 ಕಿಲೋಮೀಟರ್ ತಪ್ಪು ತೋರಿಸುತ್ತದೆ. ಮೈಗೆ ಏನೂ ಅಲ್ಲದ ಒಂದು ಪಾಲು, ದಾರಿಗೆ ದೊಡ್ಡ ಪಾಲು.

ಇದು ಬರೀ ಲೆಕ್ಕವಲ್ಲ. 2023ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡವೊಂದು 23 ವರ್ಷಗಳ ಹವಾಮಾನ ರೇಡಾರ್ ದಾಖಲೆ ತೆಗೆದು ನೋಡಿತು. ರಾತ್ರಿ ಹಾರುವ ವಲಸೆ ಹಕ್ಕಿಗಳು ಈ ರೇಡಾರಿನಲ್ಲಿ ಕಾಣುತ್ತವೆ. ಕಾಂತ ಬಿರುಗಾಳಿಯ ರಾತ್ರಿಗಳಲ್ಲಿ ಹಾರಾಟ ಶೇಕಡಾ 9ರಿಂದ 17ರಷ್ಟು ಕಡಿಮೆಯಾಗಿತ್ತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಇನ್ನೊಂದು ತಂಡ 22 ಲಕ್ಷ ಹಕ್ಕಿಗಳ ದಾಖಲೆ ನೋಡಿತು. 1960ರಿಂದ 2019ರವರೆಗೆ ಹಿಡಿದು, ಗುರುತು ಹಾಕಿ ಬಿಟ್ಟ ಹಕ್ಕಿಗಳವು. ಕಾಂತ ಅಸ್ಥಿರವಾಗಿದ್ದ ಕಾಲದಲ್ಲಿ, ಇರಬಾರದ ಜಾಗದಲ್ಲಿ ಸಿಕ್ಕ ಹಕ್ಕಿಗಳು ಜಾಸ್ತಿ.

ಆ ಹಕ್ಕಿಗಳು ಏನು ಮಾಡಿದವು ಅಂತ ಗಮನಿಸಿ. ಕೆಲವು ಅವತ್ತು ಹೊರಡಲಿಲ್ಲ. ಕೆಲವು ದಾರಿ ತಪ್ಪಿ ಬೇರೆ ಕಡೆ ಇಳಿದವು. ಆಕಾಶದಿಂದ ಉದುರಿ ಬೀಳಲಿಲ್ಲ. ದಿಕ್ಕು ತಪ್ಪುವುದು ಬೇರೆ, ಜೀವ ಹೋಗುವುದು ಬೇರೆ.

ದಿಕ್ಕು ತಪ್ಪಿದ್ದೇ ಸಾವಿಗೆ ದಾರಿಯಾಗುವ ಜೀವಿ ತಿಮಿಂಗಿಲ. ದಾರಿ ತಪ್ಪಿ ಆಳವಿಲ್ಲದ ನೀರಿಗೆ ಬಂದರೆ ಅದಕ್ಕೆ ವಾಪಸ್ ಹೋಗಲು ಆಗುವುದಿಲ್ಲ. 2016ರ ಆರಂಭದಲ್ಲಿ ಯುರೋಪಿನ ಉತ್ತರ ಸಮುದ್ರದ ದಡಗಳಲ್ಲಿ ಸುಮಾರು 30 ಸ್ಪರ್ಮ್ ತಿಮಿಂಗಿಲಗಳು ಸಿಕ್ಕಿಬಿದ್ದವು. 2015ರ ಡಿಸೆಂಬರ್‌ನ ಸೌರ ಬಿರುಗಾಳಿಗಳು ಅವುಗಳ ದಾರಿ ತಪ್ಪಿಸಿರಬಹುದು ಅಂತ ಜರ್ಮನಿಯ ಸಂಶೋಧಕರು ವಾದಿಸಿದರು. ಅದು ಒಂದೇ ಘಟನೆಯ ಮೇಲೆ ಕಟ್ಟಿದ ವಾದ. ನಾಸಾದ ವಿಜ್ಞಾನಿಗಳು ಅಮೆರಿಕದ ಕೇಪ್ ಕಾಡ್ ಕರಾವಳಿಯಲ್ಲಿ ತಿಮಿಂಗಿಲದಂಥ ಜೀವಿಗಳು ದಡಕ್ಕೆ ಬಂದ ದಾಖಲೆಗಳನ್ನು ಬಿರುಗಾಳಿಗಳ ಜೊತೆ ಹೋಲಿಸಿದಾಗ ಸ್ಪಷ್ಟ ಸಂಬಂಧ ಸಿಗಲಿಲ್ಲ.

2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಮಾಡಿದ ಕೆಲಸ ನನಗೆ ಇವೆಲ್ಲಕ್ಕಿಂತ ಗಟ್ಟಿ ಅನಿಸುತ್ತದೆ. ಗ್ರೇ ತಿಮಿಂಗಿಲಗಳು ಜೀವಂತವಾಗಿ ದಡಕ್ಕೆ ಬಂದ 186 ಘಟನೆಗಳನ್ನು ಅವರು ಆರಿಸಿಕೊಂಡರು. ರೋಗದ, ಗಾಯದ ಗುರುತಿದ್ದವನ್ನು ಬಿಟ್ಟರು. ಸೂರ್ಯನಿಂದ ಬರುವ ರೇಡಿಯೊ ಗದ್ದಲ ಹೆಚ್ಚಿದ್ದ ದಿನಗಳಲ್ಲಿ ತಿಮಿಂಗಿಲ ದಡಕ್ಕೆ ಬರುವ ಸಂಭವ ನಾಲ್ಕು ಪಟ್ಟಿಗೂ ಜಾಸ್ತಿ ಇತ್ತು. ಆದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡಿತು ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ತಿಮಿಂಗಿಲದ ಭೂಪಟ ತಪ್ಪಾಗಿದ್ದಲ್ಲ. ಸಂತೆಯ ಗದ್ದಲದಲ್ಲಿ ಹೆಸರು ಹಿಡಿದು ಕೂಗಿದರೂ ಕೇಳಿಸದ ಹಾಗೆ, ಕಾಂತ ಗ್ರಹಿಸುವ ಅಂಗಕ್ಕೇ ಆ ಹೊತ್ತು ಏನೂ ತಿಳಿಯದಂತಾಗಿರಬಹುದು.

ರೇಡಿಯೊ ಗದ್ದಲ ಅಂದಾಗ ನಮ್ಮಲ್ಲಿ ಥಟ್ಟನೆ ಬರುವ ಮಾತು ಮೊಬೈಲ್ ಟವರ್. ಗುಬ್ಬಿ ಕಡಿಮೆಯಾಗಿದ್ದಕ್ಕೂ ಅದೇ ಕಾರಣ ಅನ್ನುತ್ತಾರೆ. 2014ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದಿಂದ ಒಂದು ಒಳ್ಳೆಯ ಅಧ್ಯಯನ ಬಂತು. ಕ್ಯಾಂಪಸ್ಸಿನ ಮರದ ಗುಡಿಸಲುಗಳಲ್ಲಿದ್ದ ರಾಬಿನ್‌ಗಳಿಗೆ ದಿಕ್ಕೇ ಗೊತ್ತಾಗುತ್ತಿರಲಿಲ್ಲ. ಗೋಡೆಗೆ ಅಲ್ಯೂಮಿನಿಯಂ ತಗಡು ಹೊಡೆದು ಅರ್ಥಿಂಗ್ ಕೊಟ್ಟ ಮೇಲೆ ಗೊತ್ತಾಯಿತು. ಅಡ್ಡಿ ಮಾಡುತ್ತಿದ್ದದ್ದು 50 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್‌ವರೆಗಿನ ವಿದ್ಯುತ್ ಗದ್ದಲ. ಊರಿನ ವಿದ್ಯುತ್ ಉಪಕರಣಗಳಿಂದ ಬರುವಂಥದ್ದು. ಆಕಾಶವಾಣಿಯ ಮೀಡಿಯಂ ವೇವ್ ಇರುವುದೂ ಇದೇ ವ್ಯಾಪ್ತಿಯಲ್ಲಿ. ಮೊಬೈಲ್ ಫೋನಿನದು ಇದಕ್ಕಿಂತ ನೂರಾರು ಪಟ್ಟು ಮೇಲಿನ ಆವರ್ತನ. ಆ ಅಧ್ಯಯನ ಅದನ್ನು ದೂರಲಿಲ್ಲ. ಅಲ್ಲಿಯೂ ಹಕ್ಕಿಗಳು ಗೊಂದಲಕ್ಕೆ ಬಿದ್ದವು, ಸಾಯಲಿಲ್ಲ.

ಮಾಗಡಿ ಕೆರೆಯ ಹೆಬ್ಬಾತುಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗು ಪ್ರದೇಶಗಳ ಪಟ್ಟಿ ಸೇರಿತು. ಚಳಿಗಾಲದಲ್ಲಿ ಸಾವಿರಗಟ್ಟಲೆ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ ಕೂತು, ಕತ್ತಲಾಗುತ್ತ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ನೋಡಿದವರು ಮರೆಯುವುದಿಲ್ಲ.

ಸೂರ್ಯನ ಬಿರುಗಾಳಿಯಿಂದ ನಮ್ಮ ಭಾಗದಲ್ಲಿ ಯಾವ ಪ್ರಾಣಿಗಾದರೂ ತೊಂದರೆ ಆಗುವುದಿದ್ದರೆ ಮೊದಲು ಇವಕ್ಕೇ ಆಗಬೇಕು. ಅಷ್ಟು ದೂರದ ಪಯಣ, ಅದೂ ಬಹುಪಾಲು ರಾತ್ರಿ. ಆದರೆ ಹೆಬ್ಬಾತಿನ ಹತ್ತಿರ ಇರುವುದು ಒಂದೇ ದಿಕ್ಸೂಚಿ ಅಲ್ಲ. ಸೂರ್ಯ, ನಕ್ಷತ್ರ, ನದಿ ಕಣಿವೆಗಳ ಗುರುತು ಎಲ್ಲವೂ ಕೆಲಸಕ್ಕೆ ಬರುತ್ತವೆ. ಮರಿಗಳು ಮೊದಲ ವರ್ಷ ಅಪ್ಪ-ಅಮ್ಮನ ಜೊತೆಗೇ ಹಾರಿ ದಾರಿ ಕಲಿಯುತ್ತವೆ. ಒಂದು ರಾತ್ರಿ ಕಾಂತ ಕೈಕೊಟ್ಟರೆ ತಡವಾಗಬಹುದು, ಅಷ್ಟೇ.

ಹಾಗಾದರೆ ಪಟ್ಟೆತಲೆ ಹೆಬ್ಬಾತುಗಳು ಗುಂಪಾಗಿ ಸತ್ತದ್ದೇ ಇಲ್ಲವೇ? ಸತ್ತಿವೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ 6 ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳು ತುಂಬ ಇದ್ದವು. 2020ರ ಡಿಸೆಂಬರ್ ಕೊನೆ ಮತ್ತು 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಸುಮಾರು 5 ಸಾವಿರ ಹಕ್ಕಿಗಳು ಸತ್ತವು. ಅವುಗಳಲ್ಲೂ ಬಹುಪಾಲು ಇವೇ. ಎರಡೂ ಕಡೆ ಕಾರಣ ಎಚ್5ಎನ್1 ಹಕ್ಕಿಜ್ವರ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು. ಅದಕ್ಕೆ ಕಾರಣ ಬಾಟುಲಿಸಂ, ಒಂದು ಬ್ಯಾಕ್ಟೀರಿಯಾದ ವಿಷ.

ಇಲ್ಲೇ ಸೂರ್ಯನ ಪಟ್ಟಿ ತೆಗೆದು ನೋಡಿ. ಸಾಂಭರ್ ದುರಂತ 2019ರ ನವೆಂಬರ್. ಪೋಂಗ್ ಅದಾಗಿ ಒಂದು ವರ್ಷಕ್ಕೆ. ಸೂರ್ಯ ಇಡೀ ಆವರ್ತದಲ್ಲೇ ಅತಿ ತಣ್ಣಗಿದ್ದದ್ದು 2019ರ ಡಿಸೆಂಬರ್‌ನಲ್ಲಿ! ನಮ್ಮ ದೇಶ ಇತ್ತೀಚೆಗೆ ಕಂಡ ಎರಡು ಭಾರಿ ಹಕ್ಕಿ ಸಾವುಗಳು ಸೂರ್ಯ ಮಲಗಿದ್ದ ಹೊತ್ತಿನಲ್ಲೇ ಆದವು. ಒಬ್ಬರಾದರೂ ಈ ಹೊಂದಾಣಿಕೆಯನ್ನು ಎತ್ತಿ ಹೇಳುವುದಿಲ್ಲ. ಬಿರುಗಾಳಿಯ ಮರುದಿನದ ಸಾವು ನೆನಪಿರುತ್ತದೆ, ಬಿರುಗಾಳಿ ಇಲ್ಲದ ದಿನದ ಸಾವು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಸಾಂಭರ್‌ನಿಂದ ಕಲಿಯಬೇಕಾದ್ದು ಇನ್ನೊಂದು ಇದೆ. ಬಾಟುಲಿಸಂ ಹರಡುವ ರೀತಿ ಹೀಗೆ. ಸತ್ತ ಹಕ್ಕಿಯ ಮೈಯಲ್ಲಿ ಹುಳು ಬೀಳುತ್ತದೆ. ಹುಳುವಿನ ಮೈಯಲ್ಲಿ ವಿಷ ಸೇರುತ್ತದೆ. ಹುಳುವಿಗೆ ಏನೂ ಆಗುವುದಿಲ್ಲ. ಅದನ್ನು ತಿಂದ ಹಕ್ಕಿಯ ಕಾಲು, ರೆಕ್ಕೆ, ಕುತ್ತಿಗೆ ಸೋತು ನೀರಿಗೆ ತಲೆ ಬೀಳುತ್ತದೆ. ಅದೂ ಸಾಯುತ್ತದೆ, ಅದರಲ್ಲೂ ಹುಳು. ಈ ಸರಪಳಿ ಕಡಿಯಲು ಇರುವ ದಾರಿ ಒಂದೇ, ಹೆಣಗಳನ್ನು ಬೇಗ ಎತ್ತಿ ತೆಗೆಯುವುದು. ಕಾರಣ ಮೇಲಿದೆ ಅಂದುಕೊಂಡು ಕೂತರೆ ಕೆರೆಯ ದಂಡೆಯಲ್ಲಿ ಸಾವು ದಿನದಿನಕ್ಕೆ ದುಪ್ಪಟ್ಟಾಗುತ್ತದೆ.

ಗಂಟಲ ಬೇನೆ

ಭೂತರಾಮನಹಟ್ಟಿಯ ಚಿಗರಿಗಳಿಗೆ ಏನಾಗಿತ್ತು? ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾದದ್ದು ಗಳಲೆ ರೋಗ. ಹಳ್ಳಿಯಲ್ಲಿ ಗಂಟಲ ಬೇನೆ ಅಂತಲೂ ಕರೆಯುತ್ತಾರೆ. ದನ, ಎಮ್ಮೆ ಕಟ್ಟಿದವರಿಗೆ ಇದರ ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಬೆಳಿಗ್ಗೆ ಮೇವು ತಿಂದ ಎಮ್ಮೆ ಸಂಜೆಗೆ ಮೈ ಸುಡುವ ಜ್ವರ ಬಂದು ನಿಲ್ಲುತ್ತದೆ. ಬಾಯಲ್ಲಿ ಜೊಲ್ಲು. ಗಂಟಲ ಕೆಳಗೆ ಬಿಸಿ ಬಾವು. ಉಸಿರಾಡಿದರೆ ಗೊರಗೊರ ಸದ್ದು. ಎಷ್ಟೋ ಸಲ ಮರುದಿನದ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಮುಂಗಾರಿಗೆ ಮೊದಲೇ, ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆಯುವ ಹೊತ್ತಿಗೆಲ್ಲ ಲಸಿಕೆ ಆಗಿರಬೇಕು ಅನ್ನುವುದು ಇದಕ್ಕಾಗಿಯೇ. ಪಾಸ್ಚುರೆಲ್ಲಾ ಮಲ್ಟೊಸಿಡಾ ಅನ್ನುವ ಬ್ಯಾಕ್ಟೀರಿಯಾ ಇದಕ್ಕೆ ಮೂಲ. ಒದ್ದೆ ನೆಲ, ನೀರಿನಲ್ಲಿ ಕೆಲವು ದಿನ ಬದುಕುತ್ತದೆ. ಜೊಲ್ಲಿನಿಂದ, ಮೇವಿನಿಂದ ಹರಡುತ್ತದೆ. ಎಷ್ಟೋ ಪ್ರಾಣಿಗಳ ಗಂಟಲಲ್ಲಿ ಸುಮ್ಮನೆ ಕೂತಿರುತ್ತದೆ. ಹವೆ ಬದಲಾಗಿ, ಪ್ರಾಣಿ ಸೋತಾಗ ಮೇಲೇಳುತ್ತದೆ.

ಇದೇ ಬ್ಯಾಕ್ಟೀರಿಯಾ 2015ರ ಮೇ ತಿಂಗಳಲ್ಲಿ ಕಜಕಸ್ತಾನದ ಹುಲ್ಲುಗಾವಲಿನಲ್ಲಿ ಮಾಡಿದ್ದು ನಂಬಲು ಕಷ್ಟ. ಸೈಗಾ ಅನ್ನುವ ಒಂದು ಜಾತಿಯ ಚಿಗರಿ ಅಲ್ಲಿದೆ. ಮರಿ ಹಾಕಲು ಸಾವಿರಾರು ಒಟ್ಟಿಗೆ ಸೇರಿದ್ದವು. ಮೂರು ವಾರಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಸತ್ತವು. ಜಗತ್ತಿನಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ತಾಯಿ ಸತ್ತ ಮೇಲೆ ಮರಿಗಳೂ ಸತ್ತವು. ರಾಕೆಟ್ ಇಂಧನದ ವಿಷ ಇರಬಹುದೇ ಅಂತ ಅನುಮಾನ ಬಂತು. ಸೂರ್ಯನನ್ನು ದೂರಲೂ ಸಾಮಗ್ರಿ ಇತ್ತು. 24ನೇ ಆವರ್ತದ ಎರಡು ಅತಿ ದೊಡ್ಡ ಬಿರುಗಾಳಿಗಳು ಬಂದದ್ದು ಅದೇ ವರ್ಷ, ಮಾರ್ಚ್ 17ರಂದು ಮತ್ತು ಜೂನ್ 22-23ರಂದು. ಸಾವು ಮಾತ್ರ ಎರಡರ ನಡುವೆ, ಮೇ ತಿಂಗಳಲ್ಲಿ. ಅದೃಷ್ಟಕ್ಕೆ ಪಶುವೈದ್ಯರ ತಂಡವೊಂದು ಸಾವು ನಡೆಯುತ್ತಿದ್ದಾಗಲೇ ಜಾಗದಲ್ಲಿತ್ತು. ಬಿಸಿ ಇರುವಾಗಲೇ ಹೆಣಗಳನ್ನು ಕೊಯ್ದು ನೋಡಿದರು. ಅಂಗಾಂಗಗಳಲ್ಲೆಲ್ಲ ರಕ್ತಸ್ರಾವ, ಪಾಸ್ಚುರೆಲ್ಲಾ. ಅದಕ್ಕೆ ಮೊದಲಿನ ಸುಮಾರು 10 ದಿನ ಅಲ್ಲಿ ಎಂದಿಗಿಂತ ಜಾಸ್ತಿ ತೇವ, ಜಾಸ್ತಿ ಸೆಕೆ ಇತ್ತು ಅನ್ನುವುದು ಹವಾಮಾನ ದಾಖಲೆಯಲ್ಲಿ ಸಿಕ್ಕಿತು.

ಸೂರ್ಯನೇ ಕಾರಣ ಅನ್ನುವ ವಾದಕ್ಕೆ ನನ್ನ ಉತ್ತರ ಸರಳ. ಕಾಂತ ಬಿರುಗಾಳಿ ಬೆಳಗಾವಿಗೂ ರಾಣೆಬೆನ್ನೂರಿಗೂ ಒಂದೇ ಸಮ ಬೀಸುತ್ತದೆ. ಅದಕ್ಕೆ ಬೇಲಿ ಗೊತ್ತಿಲ್ಲ. ಒಂದು ಆವರಣದ 38 ಚಿಗರಿಗಳಲ್ಲಿ 31 ಸತ್ತು, ಹಾವೇರಿ ಜಿಲ್ಲೆಯ ಬಯಲಿನಲ್ಲಿ ಅದೇ ಜಾತಿಯ ಹಿಂಡುಗಳು ಮೇಯುತ್ತಿದ್ದರೆ, ಕಾರಣ ಆ ಆವರಣದೊಳಗೇ ಇರಬೇಕು. ನೀರು, ಮೇವು, ನೆಲ, ಗಾಳಿ, ಒಂದರ ಮೈಯಿಂದ ಇನ್ನೊಂದಕ್ಕೆ ದಾಟುವ ಸೋಂಕು. ಗುಂಪು ಸಾವು ಎಲ್ಲೇ ಆಗಲಿ, ನಾನು ಮೊದಲು ನೋಡುವುದು ಅದರ ಎಲ್ಲೆಯನ್ನು. ಎಷ್ಟು ಜಾಗದಲ್ಲಿ ಆಯಿತು, ಯಾವ ಜಾತಿಗೆ ಆಯಿತು, ಯಾವುದಕ್ಕೆ ಆಗಲಿಲ್ಲ.

ಕೆರೆಯ ಮೀನುಗಳೂ ಹೀಗೇ. ಉಣಕಲ್ ಇರಲಿ, ಕೆಲಗೇರಿ ಇರಲಿ, ಊರ ನಡುವಿನ ಕೆರೆಗಳಿಗೆ ಚರಂಡಿ ನೀರು ಸೇರಿ ಜಲಕಳೆ, ಪಾಚಿ ಬೆಳೆದಾಗ ರಾತ್ರಿ ಹೊತ್ತು ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. ದೊಡ್ಡ ಮೀನು ಮೊದಲು ಸಾಯುತ್ತದೆ. ಮೋಡ ಕವಿದ ಎರಡು ದಿನ, ಇಲ್ಲವೇ ಮೊದಲ ದೊಡ್ಡ ಮಳೆ ಸಾಕು. ಹೊಲದಲ್ಲಿ ಏಳೆಂಟು ನವಿಲು ಒಟ್ಟಿಗೆ ಬಿದ್ದಿದ್ದರೆ ಅವುಗಳ ಗಂಟಲ ಚೀಲದಲ್ಲಿ ಔಷಧ ಹಚ್ಚಿದ ಬಿತ್ತನೆ ಬೀಜ ಇದೆಯೇ ಅಂತ ನೋಡಬೇಕು. ಗೋವಿನಜೋಳ, ಹತ್ತಿ ಬಿತ್ತುವ ನಮ್ಮ ಸೀಮೆಯಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಭೂಮಿಯ ಕಾಂತಕ್ಷೇತ್ರ ದುರ್ಬಲವಾಗುತ್ತಿದೆ, ಧ್ರುವಗಳು ಅದಲುಬದಲಾಗುತ್ತವೆ ಅನ್ನುವ ಹೆದರಿಕೆಗೂ ಒಂದು ಮಾತು. ಕಳೆದ 200 ವರ್ಷಗಳಲ್ಲಿ ಕ್ಷೇತ್ರ ಸುಮಾರು ಶೇಕಡಾ 9ರಷ್ಟು ಇಳಿದಿರುವುದು ನಿಜ. ಕೊನೆಯ ಸಲ ಧ್ರುವಗಳು ಪೂರ್ತಿ ಬದಲಾದದ್ದು 7.8 ಲಕ್ಷ ವರ್ಷಗಳ ಹಿಂದೆ. ಅದಕ್ಕೂ ಮೊದಲು ಎಷ್ಟೋ ಸಲ ಬದಲಾಗಿವೆ. ಆ ಕಾಲಗಳಲ್ಲೆಲ್ಲ ಜೀವಿಗಳು ಸಾಮೂಹಿಕವಾಗಿ ಅಳಿದ ಗುರುತು ಪಳೆಯುಳಿಕೆಗಳಲ್ಲಿ ಸಿಕ್ಕಿಲ್ಲ. ಸುಮಾರು 41 ಸಾವಿರ ವರ್ಷಗಳ ಹಿಂದೆ ಕ್ಷೇತ್ರ ಸ್ವಲ್ಪ ಕಾಲ ತೀರಾ ಕುಗ್ಗಿದಾಗ ಕೆಲವು ಪ್ರಾಣಿಗಳು ಅಳಿದವು ಅಂತ 2021ರಲ್ಲಿ ಒಂದು ವಾದ ಬಂತು. ಹಲವು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ಆಕಾಶದ ಕಡೆ ಬೆರಳು ತೋರಿಸಿದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ನಮ್ಮ ಬಿಸಿಲಿಗೆ ಹೆಣ ಕೆಲವೇ ತಾಸುಗಳಲ್ಲಿ ಕೊಳೆಯುತ್ತದೆ. ಕೊಳೆತ ಮೇಲೆ ಯಾವ ಬ್ಯಾಕ್ಟೀರಿಯಾ ಕೊಂದದ್ದು, ಯಾವುದು ಆಮೇಲೆ ಬಂದದ್ದು ಅಂತ ಬಿಡಿಸುವುದು ಕಷ್ಟ. ಗಳಲೆ ರೋಗದ ಅನುಮಾನ ಇದ್ದರೆ ಪಶುವೈದ್ಯರು ಕಾಲಿನ ಉದ್ದ ಮೂಳೆಯನ್ನು ಹಾಗೇ ಬಿಡಿಸಿ ಕಳಿಸುತ್ತಾರೆ, ಏಕೆಂದರೆ ಮಜ್ಜೆಯೊಳಗೆ ಕೊಳೆ ತಡವಾಗಿ ಮುಟ್ಟುತ್ತದೆ. ಹಕ್ಕಿಜ್ವರದ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ತಂಪಿನಲ್ಲೇ ತಲುಪಬೇಕು. ರಣಹದ್ದುಗಳ ಕತೆ ಗೊತ್ತಲ್ಲ? 1990ರ ದಶಕದಿಂದ ಲಕ್ಷಗಟ್ಟಲೆ ಸತ್ತವು. ಏನೋ ಹೊಸ ವೈರಸ್ ಇರಬೇಕು ಅಂತ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ತಾಜಾ ಹೆಣಗಳ ಮೂತ್ರಪಿಂಡ ಪರೀಕ್ಷಿಸಿದಾಗ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ನೋವಿನ ಔಷಧವೇ ಕಾರಣ ಅಂತ 2004ರಲ್ಲಿ ಗೊತ್ತಾಯಿತು. ಭಾರತ 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಉಳಿದಿತ್ತು.

ಹಾಗಾಗಿ ಕೆರೆ ದಂಡೆಯಲ್ಲೋ ಹೊಲದಲ್ಲೋ ಗುಂಪು ಸಾವು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಎಳೆಯದಂತೆ ನೋಡಿಕೊಳ್ಳಿ. ಎಷ್ಟು, ಯಾವ ಜಾತಿ, ಎಷ್ಟು ಗಂಟೆಗೆ ಕಂಡಿತು ಅಂತ ಬರೆದಿಡಿ, ಫೋಟೊ ತೆಗೆಯಿರಿ. ದನಕರು ಆದರೆ 1962ಕ್ಕೆ ಫೋನ್ ಮಾಡಿ. ಕಾಡುಪ್ರಾಣಿ, ಹಕ್ಕಿ ಆದರೆ ಅರಣ್ಯ ಇಲಾಖೆಗೆ ಅವತ್ತೇ ತಿಳಿಸಿ. ಗದಗಿನಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

ಸೂರ್ಯನ ಪ್ರಶ್ನೆಯನ್ನೂ ಕೈಬಿಡಬೇಕಾಗಿಲ್ಲ. ಅದನ್ನು ಸರಿಯಾಗಿ ಕೇಳಲು ಮಾಗಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪ್ರತಿ ವರ್ಷ ಹೆಬ್ಬಾತುಗಳ ಮೊದಲ ಗುಂಪು ಯಾವತ್ತು ಇಳಿಯಿತು, ದಿನದಿನಕ್ಕೆ ಎಷ್ಟು ಬಂದವು, ಯಾವತ್ತು ಹೊರಟವು ಅಂತ ಎಣಿಸಿ ಇಟ್ಟರೆ ಆಯಿತು. ಅಲಿಬಾಗಿನ ಕಾಂತ ದಾಖಲೆ ಪಕ್ಕದಲ್ಲಿ ಇಡಬಹುದು. ಕೆಲವು ಹಕ್ಕಿಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರೆ ಬಿರುಗಾಳಿಯ ರಾತ್ರಿ ಅವು ಎಲ್ಲಿ ತಂಗಿದವು ಅನ್ನುವುದೂ ತಿಳಿಯುತ್ತದೆ. ಹತ್ತು ಹದಿನೈದು ಚಳಿಗಾಲಗಳ ಲೆಕ್ಕದಲ್ಲಿ, ಬಿರುಗಾಳಿಯ ವಾರಗಳಲ್ಲಿ ಬರುವುದು ತಡವಾಗಿದೆ ಅಂತ ಕಂಡರೆ ಅದು ಜಗತ್ತಿಗೇ ಹೊಸ ವಿಷಯ. ಕಾಣದಿದ್ದರೂ ಅದೊಂದು ಉತ್ತರವೇ. ಶುರು ಮಾಡಲು ಈಗಲೇ ಸರಿಯಾದ ಕಾಲ. ಸೂರ್ಯ ತುದಿಯಿಂದ ಇಳಿಯುವ ವರ್ಷಗಳಲ್ಲೂ ದೊಡ್ಡ ಬಿರುಗಾಳಿಗಳು ಬರುತ್ತವೆ. 2003ರ ಅಕ್ಟೋಬರ್ ಕೊನೆಯ ಭಾರಿ ಬಿರುಗಾಳಿಗಳು ಬಂದದ್ದು ಆ ಆವರ್ತದ ತುದಿ ದಾಟಿ ಸುಮಾರು ಎರಡು ವರ್ಷಕ್ಕೆ, ಹೆಬ್ಬಾತುಗಳು ದಕ್ಷಿಣಕ್ಕೆ ಹೊರಡುವ ದಿನಗಳಲ್ಲೇ.